ಅತಿಥಿಗಳ ಪಾಲಿಗೆ ಬಿದ್ದ ಅಳಿಯ

ತನ್ನ ಮನೆಗೆ ಬಣ್ಣ ಹೊಡೆಸಿ ಮುಗಿಯುವ ತನಕ ಕನ್ನಡಕದ ಅಂಗಡಿಯವನು ಹೆಂಡತಿಯ ಜೊತೆ ಮಾವನ ಮನೆಗೆ ಬಂದು ಇಳಿದುಕೊಂಡ. ಮಾವ ಜೈಲಿನ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಕೆಲಸ ಬಿಟ್ಟರೂ ಬೀಗದ ಮೋಹ ಬಿಟ್ಟಿರಲಿಲ್ಲ. ಆ ವಾರವೇ ಮನೆಗೆ ಹೊಸ ವೈಫೈ ರೂಟರ್ ಬಂದಿತ್ತು. ತಂತಿ ಸಿಕ್ಕಿಸಿದ ಕೂಡಲೇ ಕಂಪನಿಯವನನ್ನು ಬಾಗಿಲಾಚೆ ಸಾಗಹಾಕಿ, ಮಿಕ್ಕ ಬಂದೋಬಸ್ತನ್ನು ಮಾವ ತಾವೇ ವಹಿಸಿಕೊಂಡಿದ್ದರು.

ಅಳಿಯ ಫೋನು ತೆರೆದರೆ ಎರಡು ಹೆಸರು ಕಂಡವು: ‘ಮನೆಯವರು’, ‘ಅತಿಥಿಗಳು’. ಮಾವ ಚೀಟಿಯಲ್ಲಿ ಪಾಸ್‌ವರ್ಡ್ ಬರೆದು, ನಾಲ್ಕು ಮಡಿಕೆ ಮಡಿಸಿ ಕೊಟ್ಟರು. ಅದು ಅತಿಥಿಗಳದ್ದು.

ಅವನು ಮೊದಲಿಗೆ ತಲೆ ಕೆಡಿಸಿಕೊಳ್ಳಲಿಲ್ಲ. ಮರುದಿನ ಅಂಗಡಿಗೆ ಬೇಕಾದ, ಕಣ್ಣು ಪರೀಕ್ಷಿಸುವ ಅಕ್ಷರಗಳ ಹಾಳೆಯನ್ನು ಪ್ರಿಂಟ್ ಮಾಡಲು ಹೋದ. ಪ್ರಿಂಟರ್ ಕೈಗೆಟುಕುವಷ್ಟು ಹತ್ತಿರವಿದ್ದರೂ ಅವನ ಪರಿಚಯವೇ ಇಲ್ಲದಂತೆ ಸುಮ್ಮನೆ ಕೂತಿತ್ತು.

“ಅತಿಥಿಗಳಿಗೆ ಪ್ರಿಂಟರ್ ಸಿಗಲ್ಲ. ಸೆಕ್ಯುರಿಟಿ ಅಂದ್ರೆ ಅದೇ,” ಎಂದರು ಮಾವ.

“ಮಾವ, ನಾನು ಅತಿಥೀನಾ? ಮದುವೆಯಾಗಿ ಇಷ್ಟು ವರ್ಷ ಆಯ್ತು.”

“ಅದಕ್ಕೇ ನಿಮಗೆ ಟೈಮ್ ಲಿಮಿಟ್ ಹಾಕಿಲ್ಲ.”

“ಮತ್ತೆ ನಾನು?” ಎಂದಳು ಮಗಳು.

“ನೀನು ಮನೆಯವಳೇ ಕಣಮ್ಮ. ಆದ್ರೆ ನಿನಗೆ ಕೊಟ್ರೆ ಅವರಿಗೆ ಕೊಟ್ಟ ಹಾಗೇ.”

ಅತ್ತೆ ಅಡುಗೆಮನೆಯಿಂದಲೇ ಬಾಯಿ ಹಾಕಿದರು. “ಬಟ್ಟೆ ಒಗೆಯೋ ಮಷೀನಿಗೂ ಮನೆಯವರ ವೈಫೈ ಕೊಟ್ಟಿದೀರಿ. ಅಳಿಯಂದ್ರಿಗೆ ಕೊಡೋಕೆ ಏನು ಧಾಡಿ?”

“ಆ ಮಷೀನು ಇವತ್ತಿನವರೆಗೂ ಒಂದು ಮಾತು ಹೊರಗೆ ಹೇಳಿಲ್ಲ. ನಾನು ಹಲ್ಲುಸೆಟ್ ಹಾಕಿಸಿದ್ದು ನಿನ್ನ ಅಣ್ಣನ ಮನೆ ತನಕ ಹೋಗಿದ್ದು ಯಾರಿಂದ?”

ಅಳಿಯ ನೆಲ ನೋಡಿದ. ಹೇಳಿದ್ದು ಅವನೇ. ಹಲ್ಲು ಚೆನ್ನಾಗಿ ಕೂತಿದೆ ಅಂತ ಹೊಗಳಲು ಹೋಗಿ ಹೇಳಿಬಿಟ್ಟಿದ್ದ.

ಆದರೆ ಮಷೀನಿನ ಮಾತು ಅವನಿಗೆ ನಾಟಿತು. ಅತಿಥಿಯೆಂದರೆ ಅತಿಥಿಯಾಗಿಯೇ ಇರೋಣವೆಂದು ಹಟ ಹಿಡಿದ. ಹಿತ್ತಲಿನಿಂದ ಒಳಗೆ ಬರಬೇಕಾದರೂ ಮನೆ ಸುತ್ತಿ ಬಂದು ಮುಂಬಾಗಿಲ ಬೆಲ್ಲು ಒತ್ತಿದ. ನೀರು ಕೊಟ್ಟರೆ “ಸುಮ್ಮನೆ ನಿಮಗೆ ತೊಂದರೆ” ಎಂದ. ತಟ್ಟೆಯ ಮುಂದೆ ಕೂತು, ಯಾರಾದರೂ ಒತ್ತಾಯ ಮಾಡುವ ತನಕ ತುತ್ತು ಎತ್ತಲಿಲ್ಲ. ಒತ್ತಾಯ ಮಾಡಿ ಮಾಡಿ ಅತ್ತೆಯ ಗಂಟಲು ಕಟ್ಟಿತು.

“ಕೇಳಿ ಇಲ್ಲಿ,” ಎಂದರು ಅತ್ತೆ ಗಂಡನಿಗೆ. “ಇವತ್ತು ಅವರನ್ನ ಮನೆಯವರು ಮಾಡದಿದ್ರೆ ನಾಳೆಯಿಂದ ನಾನೂ ಅತಿಥಿ. ಅತಿಥಿಗಳು ಅಡುಗೆ ಮಾಡಲ್ಲ.”

ಮಾವ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ರೂಟರಿನ ಸೆಟ್ಟಿಂಗ್ ತೆರೆದರು. ಅಳಿಯನ ಫೋನಿನ ಗುರುತಿನ ನಂಬರನ್ನು ಜೋರಾಗಿ ಓದುತ್ತಾ ‘ಮನೆಯವರು’ ಪಟ್ಟಿಗೆ ಸೇರಿಸಿದರು. ‘ಪಟ್ಟಿಯಲ್ಲಿರುವವರಿಗೆ ಮಾತ್ರ ಪ್ರವೇಶ’ ಎಂಬುದನ್ನು ಕಂಡು, ಇದಕ್ಕಿಂತ ಬಿಗಿ ಬಂದೋಬಸ್ತು ಇನ್ನೇನಿದೆ ಎಂದು ಅದನ್ನೂ ಒತ್ತಿದರು. ಪಟ್ಟಿಯಲ್ಲಿ ಇದ್ದದ್ದು ಅಳಿಯನೊಬ್ಬನೇ. ಮರುಕ್ಷಣ ಮಾವನ ಫೋನು ಹೊರಬಿತ್ತು. ಅತ್ತೆಯ ಧಾರಾವಾಹಿ ನಿಂತಿತು. ಪ್ರಿಂಟರಿನ ದೀಪ ಕೆಂಪಾಯಿತು. ಈಗ ಆ ಮನೆಯಲ್ಲಿ ಮನೆಯವರು ಅಂತ ಉಳಿದದ್ದು ಅಳಿಯ ಮಾತ್ರ.

ಮಾವ ಎದ್ದು ನಿಂತು ಅಂಗಿಯ ಗುಂಡಿ ಸರಿಮಾಡಿಕೊಂಡರು. “ಅಳಿಯಂದ್ರೇ, ನಮ್ಮನ್ನೂ ಸ್ವಲ್ಪ ಒಳಗೆ ಸೇರಿಸ್ಕೊಳ್ಳಿ.”

“ಸೇರಿಸ್ತೀನಿ ಮಾವ. ಸೆಟ್ಟಿಂಗಿನ ಪಾಸ್‌ವರ್ಡ್ ಹೇಳಿ.”

ಮಾವ ಹೆಂಡತಿಯ ಕಡೆ ಒಮ್ಮೆ ನೋಡಿ ಅವನ ಕಿವಿಯ ಹತ್ತಿರ ಬಾಗಿದರು. “ಡಬ್ಬದ ಮೇಲೆ ಏನಿತ್ತೋ ಅದೇ. ಅಡ್ಮಿನ್.”

“ಬದಲಾಯಿಸಲಿಲ್ವಾ?”

“ಬದಲಾಯಿಸ್ತೀರಾ ಅಂತ ಅದು ಕೇಳ್ತು. ನಾನು ‘ಆಮೇಲೆ’ ಅಂತ ಒತ್ತಿದೆ.”

ಕೋಟೆ ಕಟ್ಟಿ ದಿಡ್ಡಿ ಬಾಗಿಲು ತೆರೆದಿಟ್ಟ ಹಾಗಾಗಿತ್ತು. ಅಳಿಯನಿಗೆ ನಗು ಉಕ್ಕಿತು, ಮಾವನ ಮುಖ ನೋಡಿ ನುಂಗಿಕೊಂಡ. ಅತ್ತೆಯಿಂದ ಹಿಡಿದು ಪ್ರಿಂಟರಿನವರೆಗೆ ಒಬ್ಬೊಬ್ಬರನ್ನೇ ಒಳಗೆ ಕರೆದುಕೊಂಡ. “ಹೊಸ ಪಾಸ್‌ವರ್ಡ್ ಏನಿಡಲಿ?” ಎಂದು ಕೇಳಿದ.

“ನೀವೇ ಇಡಿ. ನನಗೆ ಹೇಳಬೇಡಿ. ಇಬ್ಬರಿಗೆ ಗೊತ್ತಾದ್ರೆ ಅದು ಪಾಸ್‌ವರ್ಡ್ ಅಲ್ಲ, ಸುದ್ದಿ.”

ಬಣ್ಣದ ಕೆಲಸ ಮುಗಿದು ಗಂಡ ಹೆಂಡತಿ ಹೊರಟು ನಿಂತಾಗ ಮಾವ ಗೇಟಿಗೆ ಅಡ್ಡ ನಿಂತರು. “ನೀವು ಹೋದ್ರೆ ಸೆಟ್ಟಿಂಗ್ ನೋಡೋರು ಯಾರು?”

“ಹಾಗಾದ್ರೆ ಹೇಳಿಬಿಡ್ತೀನಿ, ಮಾವ. ಅದು...”

ಮಾವ ಎರಡೂ ಕಿವಿ ಮುಚ್ಚಿಕೊಂಡರು.

“ಏನ್ರೀ ಮಾಡಿದ್ರಿ ಅಪ್ಪಂಗೆ?” ಎಂದಳು ಹೆಂಡತಿ, ಬ್ಯಾಗನ್ನು ಮತ್ತೆ ಒಳಗೆ ಒಯ್ಯುತ್ತಾ. ಇನ್ನಷ್ಟು ದಿನ ಉಳಿಯಬೇಕಾಯಿತು. ಪ್ರತಿ ಭಾನುವಾರ ಬಂದು ರೂಟರ್ ನೋಡಿಕೊಂಡು ಹೋಗುವುದಾಗಿ ಅಳಿಯ ಮಾತು ಕೊಟ್ಟ ಮೇಲೆಯೇ ಅವರಿಗೆ ಬಿಡುಗಡೆ ಸಿಕ್ಕಿತು.