ಐಸ್ ಪ್ಲಾಂಟಿನ ಹಿಮಗಾಳಿ

ಅಂಗಾಲಿನ ಅಡಿಯ ನಡುಕ ನಿಂತಿತು, ಅಂದರೆ ದಿನಾ ಹೋಗುವ ಹಾಗೆ ಕರೆಂಟು ಹೋಯಿತು, ಅಂದರೆ ಗಂಟೆ ಎರಡು, ಗೋಡೆಯ ಗಡಿಯಾರ ನೋಡಬೇಕಾಗಿಲ್ಲ, ಮೂವತ್ತು ವರ್ಷದಿಂದ ಕಂಪ್ರೆಸರ್ ಕಾಲಿನಿಂದಲೇ ನನ್ನ ಮೈಗೆ ಹತ್ತುವುದು, ಈಗ ಸಿಮೆಂಟು ನೆಲ ಸುಮ್ಮನೆ ತಣ್ಣಗೆ ಬಿದ್ದಿದೆ, ಉಳಿದ ದಿನವಾದರೆ ಈ ಹೊತ್ತಿಗೆ ಲುಂಗಿ ಎತ್ತಿ ಕಟ್ಟಿ ಹೊರಟಾಗಿರುತ್ತಿತ್ತು — ಕರೆಂಟು ಹೋದ ಕೂಡಲೇ ಈ ಚಂದಯ್ಯನಿಗೆ ಚಾ ಬೇಕು ಅಂತ ಗಂಗೊಳ್ಳಿ ಬಂದರಿಗೆಲ್ಲ ಗೊತ್ತು, ಯಾಕೆ ಬೇಕು ಅಂತ ಯಾರಿಗೂ ಗೊತ್ತಿಲ್ಲ. ಮಿಷನ್ ಓಡುವಾಗ ಇಲ್ಲಿ ಎಲ್ಲರೂ ಕಿವುಡರೇ, ಕೈಸನ್ನೆ ಮಾಡುತ್ತಾರೆ, ಬಾಯಿ ಅಗಲಿಸಿ ಕೂಗುತ್ತಾರೆ, ಅವರೊಳಗೆ ನಾನೂ ಒಬ್ಬ. ಮಿಷನ್ ನಿಂತರೆ ಕಿವುಡ ನಾನೊಬ್ಬನೇ, ಎರಡು ವರ್ಷದಿಂದ. ಇವತ್ತು ಚಾಕ್ಕೆ ಹೋಗುವಂತಿಲ್ಲ, ತಂಗಿ ಜಲಜಳ ಮಗಳು ಸ್ವಾತಿ ಬ್ರಹ್ಮಾವರದಿಂದ ಬಸ್ಸು ಹತ್ತಿ ಬಂದಿದ್ದಾಳೆ, ಕೈಯಲ್ಲಿ ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ರೆಕಾರ್ಡರ್, ಅದರ ಮುಖದ ಮೇಲೆ ಅಳತೆಯ ಗೆರೆಗಳ ಪಕ್ಕ ಒಂದು ಹಸಿರು ಕಡ್ಡಿ, ಸದ್ದು ಬಂದರೆ ಏಳುತ್ತದೆ, ಹೋದರೆ ಮಲಗುತ್ತದೆ. ಮೊಬೈಲಿನಲ್ಲಿ ಕೇಳುವ ನಾಟಕವಂತೆ, ವೇಷ ಇಲ್ಲ, ರಂಗಸ್ಥಳ ಇಲ್ಲ, ಬರೀ ಸದ್ದು. ಯಾವುದೋ ಒಂದು ನಕ್ಷತ್ರ, ಅಲ್ಲಿ ಚಳಿಗಾಲ ಮುಗಿಯುವುದೇ ಇಲ್ಲ, ಅಲ್ಲಿಗೆ ಬಂದು ಬಿದ್ದ ಆಕಾಶದ ಹಡಗಿನವರೆಲ್ಲ ಐಸಿನ ಗಡ್ಡೆಯೊಳಗೆ ನಿದ್ದೆ ಹೋಗಿದ್ದಾರೆ, ಅವರನ್ನು ಕಾಯುವ ಹಿಮದ ಮುದುಕ ಒಂದೊಂದು ಗಡ್ಡೆಗೂ ಕಿವಿಯಿಟ್ಟು ಒಳಗೆ ಉಸಿರಿದೆಯೇ ಅಂತ ಹೇಳಬೇಕು, ಇಲ್ಲ ಅಂದರೆ ಆ ಗಡ್ಡೆ ಉರುಳಿ ಕತ್ತಲೆಗೆ ಹೋಗುತ್ತದೆ, ಅಕ್ಕನನ್ನು ಹುಡುಕಿಕೊಂಡು ಬಂದ ತಂಗಿಯೊಬ್ಬಳು ಪಕ್ಕದಲ್ಲಿ ಕಾಯುತ್ತಾಳೆ — ಅಜ್ಜಿ ಕತೆಗೆ ರಾಕೆಟ್ ಕಟ್ಟಿದ ಹಾಗೆ. ನಮ್ಮ ಬದಿಯಂಗೆ ಚಳಿಗಾಲ ಇಪ್ದ್ ನಿಮ್ಮ ಐಸ್ ಪ್ಲಾಂಟಂಗೆ ಮಾತ್ರ ಮಾವ, ಅಂದಿದ್ದಳು ಫೋನಿನಲ್ಲಿ, ಹೆಂಡತಿ ಕುಸುಮ ಅದನ್ನು ಎರಡು ಸಲ ನನಗೆ ಹೇಳಿದಳು.

ತೊಟ್ಟಿಯಿಂದ ಐಸಿನ ಕ್ಯಾನು ಎತ್ತುವ ನಾಗ ಗಮ್‌ಬೂಟು ಹಾಕಿ ಪುಡಿ ಐಸಿನ ಮೇಲೆ ನಡೆಯುತ್ತಾನೆ, ಹಸಿರು ಕಡ್ಡಿ ಹಾರುತ್ತದೆ, ಬೀಳುತ್ತದೆ, ಹಾರುತ್ತದೆ, ಅದು ನಕ್ಷತ್ರದಲ್ಲಿ ಹಿಮ ತುಳಿಯುವ ಸದ್ದಂತೆ, ನಾನು ತಲೆ ಆಡಿಸುತ್ತೇನೆ. ಹ್ವಾಯ್ ಸ್ವಾತಿ, ಆ ನಕ್ಷತ್ರಕ್ಕೆ ಬಸ್ಸ್ ಇತ್ತಾ, ಬ್ರಹ್ಮಾವರದಗೆ ಇಳ್ದ್ ಬೇರೆ ಹತ್ಕಾ — ನಾಗನ ದನಿ ದಪ್ಪ, ಹತ್ತಿರವಿದ್ದರೆ ಅರ್ಧ ಸಿಗುತ್ತದೆ, ಉಳಿದರ್ಧ ತುಟಿಯಿಂದ ಹೆಕ್ಕುತ್ತೇನೆ. ಬಸ್ಸ್ ಇದ್ರೂ ನೀನ್ ಬಪ್ಪುದ್ ಬ್ಯಾಡ ನಾಗಣ್ಣ, ಅಲ್ಲ್ ಮೀನಿಲ್ಲೆ. ಅವರು ನಕ್ಕ ಮೇಲೆ ನಾನು ನಗುತ್ತೇನೆ, ಸ್ವಲ್ಪ ತಡವಾಯಿತೇನೋ, ಸ್ವಾತಿ ಒಮ್ಮೆ ನೋಡಿದಳು, ಇಲ್ಲ, ಕಣ್ಣು ಉಜ್ಜಿಕೊಳ್ಳುತ್ತಿದ್ದಾಳೆ ಅಷ್ಟೇ, ಕಣ್ಣ್ ಉರಿತ್ ಮಾವ ಅನ್ನುತ್ತಾಳೆ, ಪೈಪಿನ ಅಮೋನಿಯಾ ಗ್ಯಾಸ್ ಅಲ್ದಾ ಹೆಣ್ಣೇ, ಇಲ್ಲ್ ಯಾವಾಗ್ಲೂ ಹಾಂಗೇ, ಅನ್ನುತ್ತೇನೆ, ನಮಗೆ ಮೂಗೇ ಸತ್ತು ಎಷ್ಟೋ ವರ್ಷವಾಯಿತು. ಮೂಗು ಮೊದಲು ಹೋಯಿತು, ಕಿವಿ ಆಮೇಲೆ, ಅದು ಹೋದದ್ದು ಗೊತ್ತಾದದ್ದು ಅಡುಗೆಮನೆಯಲ್ಲಿ, ಕುಕ್ಕರಿನಿಂದ ಹಬೆ ನೆಟ್ಟಗೆ ಎದ್ದಿತು, ಸೀಟಿ ಬರಲಿಲ್ಲ, ಕುಕ್ಕರ್ ಕೆಟ್ಟಿದೆ ಅಂದೆ, ಕುಸುಮ ನಾಲ್ಕು ಬೆರಳು ತೋರಿಸಿದಳು, ನಾಲ್ಕ್ ಸಲ ಹಾಕಿತ್ತ್, ಗಂಡಸ್ರ್ ಕಿವಿ ಮನೆಯಂಗೆ ಕೆಲ್ಸ ಮಾಡುದೇ ಇಲ್ಲೆ ಅಂತ ಬೈದು ಅನ್ನ ಬಸಿದಳು, ಬೈದದ್ದೇ ಒಳ್ಳೆಯದಾಯಿತು, ಅವತ್ತಿನಿಂದ ನಾನು ಹಬೆ ನೋಡಿ ಸೀಟಿ ಎಣಿಸುತ್ತೇನೆ. ಯಾರಿಗೆ ಹೇಳುವುದು, ಇದೇ ಕಿವಿ ಅಲ್ಲವೇ, ತೊಂಬತ್ತೇಳರಲ್ಲಿ ಅಷ್ಟು ಗದ್ದಲದ ನಡುವೆ ಸಣ್ಣ ಸುಯ್ ಅನ್ನುವುದನ್ನು ಹಿಡಿದು, ಪೈಪು ಒಡೆಯುವ ಮೊದಲು ಆಗ ಜೊತೆಗೆ ಕೆಲಸಕ್ಕಿದ್ದ ಚಂದ್ರನನ್ನು ಅಂಗಿ ಹಿಡಿದು ಹೊರಗೆ ಎಳೆದದ್ದು, ಆದರೂ ಅಷ್ಟರಲ್ಲೇ ಗ್ಯಾಸು ತಾಗಿ ಚಂದ್ರನ ಎಡಗಣ್ಣು ಬೆಳ್ಳಗಾಯಿತು, ಬೇಯಿಸಿದ ಮೀನಿನ ಕಣ್ಣಿನ ಹಾಗೆ, ಬಲಗಣ್ಣು ಉಳಿಯಿತು. ಅವತ್ತಿನಿಂದ ಧಣಿ ರತ್ನಾಕರ ಬಂದವರಿಗೆಲ್ಲ ಹೇಳುವುದು, ಚಂದಯ್ಯನ ಕಿವಿ ಇಪ್ಪಲ್ಲಿವರೆಗೆ ನಮ್ಗ್ ಗ್ಯಾಸಿನ ಮೀಟರ್ ಬ್ಯಾಡ. ನಾನು ಆಗಲೂ ತಲೆ ಆಡಿಸುತ್ತೇನೆ.

ಇನ್ನ್ ನಿಮ್ಮ ಪಾರ್ಟ್, ಅಂದಳು. ಹಿಮದ ಮುದುಕ ನಾನೇ ಅಂತೆ, ಕಾಗದ ಕೊಟ್ಟಳು, ಅದರಲ್ಲಿ ಒಂದೇ ಸಾಲು, ನನಗೆ ಕೇಳಿಸುತ್ತಿದೆ, ಒಳಗೆ ಉಸಿರಿದೆ. ಪುಸ್ತಕದ ಕನ್ನಡ ಬ್ಯಾಡ ಮಾವ, ನಮ್ ಹಾಂಗೇ ಹೇಳಿ. ಆ ಮುದುಕಂಗೆ ಕೇಳದಿದ್ರೆ ಎಂತ ಆತ್ತ್, ಅಂತ ಕೇಳಿದೆ, ಅವಳು ಬಾಯಿ ಬಿಡಿಸಿ ಬಿಡಿಸಿ ಹೇಳಿದಳು, ಅವಂಗೆ ಕೇಂತ್ ಮಾವ, ಅದ್ಕೇ ಅವನ್ನ ಅಲ್ಲ್ ಇಟ್ಟದ್, ಇಲ್ದಿದ್ರೆ ಅವ ಎಂತಕ್ಕೆ. ಗಡ್ಡೆಗೆ ಕಿವಿಯಿಟ್ಟು ಹೇಳಬೇಕಂತೆ, ಇಡುತ್ತೇನೆ, ತಣ್ಣಗೆ ಕೊರೆಯುತ್ತದೆ, ಗಡ್ಡೆಯ ನಡುವೆ ಬಿಳಿ ಗೀರು, ಅದರಾಚೆ ನಾಗನ ಗಮ್‌ಬೂಟು ಡೊಂಕಾಗಿ ಕಾಣುತ್ತದೆ — ಕೇಂತ್, ಒಳ್ಗ್ ಉಸ್ರ್ ಇತ್ತ್. ಹಸಿರು ಕಡ್ಡಿ ಎದ್ದು ಬಿತ್ತು. ಎಷ್ಟು ಸಲೀಸಾಗಿ ಬಂತು ಬಾಯಿಗೆ, ಎರಡು ವರ್ಷ ದಿನಾ ಇದನ್ನೇ ಹೇಳಿದ್ದೇನಲ್ಲ. ಸ್ವಾತಿ ಹೆಬ್ಬೆರಳು ಎತ್ತಿದಳು, ಆಮೇಲೆ ಬಾಯಿಗೆ ಬೆರಳಿಟ್ಟಳು, ಇನ್ನ್ ಒಂದ್ ನಿಮಿಷ ಯಾರೂ ಮಾತಾಡ್ಬೇಡಿ, ಬರೀ ಮೌನ ಬೇಕ್, ನಾಟಕದಂಗೆ ಮಾತಿನ ಅಡಿಗೆ ಹಾಕುಕೆ. ಮೌನ ಅಂದರೆ ನನ್ನ ಮನೆಯಂಗಳ. ನಾಗ ನಿಂತಿದ್ದಾನೆ, ನಾನು ನಿಂತಿದ್ದೇನೆ, ಬಾಗಿಲು ಹಾಕಿದೆ, ಕಿಟಕಿಯಾಚೆ ತೆಂಗಿನ ಗರಿ ಒಂದೂ ಅಲ್ಲಾಡುವುದಿಲ್ಲ, ಏನೂ ಅಲ್ಲಾಡುವುದಿಲ್ಲ — ಹಸಿರು ಕಡ್ಡಿ ಮಲಗಿಲ್ಲ. ಮೂರನೇ ಗೆರೆಯ ಮೇಲೆ ನಿಂತು ಸಣ್ಣಗೆ ನಡುಗುತ್ತಿದೆ.

ನಿಮಿಷ ಮುಗಿದ ಮೇಲೆ, ಅದೆಂತದ್ ಅಂದೆ, ಬೆರಳು ತೋರಿಸಿ. ಸ್ವಾತಿಯ ಮುಖ ಅರಳಿದೆ, ಹಿಮಗಾಳಿ ಮಾವ, ಸುಯ್ ಅಂತ, ನಾವ್ ಎಂತ ಮಾಡದೇ ಬಂದದ್, ಎಷ್ಟ್ ಚಂದ ಬತ್ತಾ ಇತ್ತ್ ಕಾಣಿ. ಹೆಡ್‌ಫೋನು ನನ್ನ ತಲೆಗೆ ಹಾಕಿದಳು, ಅದರೊಳಗೆ ನನ್ನ ಮುದಿ ದನಿ ನೀರಿನಡಿಯಿಂದ ಬಂದ ಹಾಗೆ ಕೇಂತ್ ಅಂದಿತು, ಆಮೇಲೆ ಏನೂ ಇಲ್ಲ, ಬರೀ ಅವಳ ಕೆಂಪು ಕಣ್ಣು, ನೀರು. ನಂಗೂ ಕೇಂತಿತ್ತ್ ಮಾರಾಯ್ತಿ, ನಾಗ ಅನ್ನುತ್ತಿದ್ದಾನೆ, ನಿನ್ನೆ ಕರೆಂಟ್ ಹೋದಾಗ್ಲೂ ಇದ್ದಿತ್, ಚಂದಯ್ಯಣ್ಣ ಎಂತ ಹೇಳ್ಲಿಲ್ಲೆ ಅಲ್ದಾ, ಹಾಂಗಾಗಿ ಸುಮ್ನಾದೆ. ನಿನ್ನೆ ನಾನು ಚಾ ಕುಡಿಯುತ್ತಿದ್ದೆ. ರೆಕಾರ್ಡರನ್ನು ಅವಳ ಕೈಯಿಂದ ತೆಗೆದುಕೊಂಡು ಪೈಪಿನ ಉದ್ದಕ್ಕೆ ನಡೆದೆ, ಬೆಳ್ಳಗೆ ಹೆಪ್ಪು ಕಟ್ಟಿದ ಪೈಪು, ಐಸು ಕಟ್ಟುವ ತೊಟ್ಟಿಯ ಮರದ ಮುಚ್ಚಳಗಳ ಮೇಲೆ ಒಂದೊಂದೇ ಹೆಜ್ಜೆ, ಕಣ್ಣು ಕಡ್ಡಿಯ ಮೇಲೆ, ನಾಲ್ಕು ಗೆರೆ, ಆರು ಗೆರೆ, ಗೋಡೆಯ ಮೂಲೆಗೆ ಹೋದರೆ ಇಳಿಯಿತು, ಹಿಂದೆ ಬಂದೆ, ಎಂಟು, ವಾಲ್ವಿನ ಹತ್ತಿರ ತುದಿ ಮುಟ್ಟಿ ಕೆಂಪಾಯಿತು. ನಾಗ ದಿನಕ್ಕೆ ಇನ್ನೂರು ಸಲ ಕ್ಯಾನು ಎತ್ತುವಾಗ ಅವನ ಮುಖ ಇರುವುದು ಸರಿಯಾಗಿ ಇಲ್ಲೇ. ಗಂಧಕದ ಬತ್ತಿ ಹಚ್ಚಿ ಹಿಡಿದೆ, ಅನಿಲ ಸೋರುವಲ್ಲಿ ಅದರ ಹೊಗೆ ಹಾಲಿನ ಹಾಗೆ ಬೆಳ್ಳಗಾಗುತ್ತದೆ, ಆಯಿತು. ಗ್ಯಾಸು ನಿಲ್ಲಿಸಲು ಅದರ ಹಿಂದಿನ ವಾಲ್ವಿನ ಚಕ್ರ ತಿರುಗಿಸಿದೆ, ಒಂದು ಸುತ್ತು, ಎರಡು, ಇನ್ನೂ ಅರ್ಧ, ಕಡ್ಡಿ ಗೆರೆ ಗೆರೆಯಾಗಿ ಇಳಿದು ಮಲಗಿತು, ಹೊಗೆ ತೆಳ್ಳಗಾಯಿತು.

ಕಂಡ್ಯಾ ಸ್ವಾತಿ, ಚಂದಯ್ಯಣ್ಣನ ಕಿವಿ ಅಂದ್ರೆ ಇದ್, ನಾಗನ ಬಾಯಿ ಹೇಳುತ್ತಿದೆ, ನಗುತ್ತಿದೆ, ಸ್ವಾತಿ ನೋಡುತ್ತಿರುವುದು ನನ್ನ ಕಿವಿಯನ್ನಲ್ಲ, ನನ್ನ ಕೈಯಲ್ಲಿರುವುದನ್ನು. ನಾಗನ ಬೆನ್ನ ಹಿಂದೆ ಬಲ್ಬು ಹತ್ತಿಕೊಂಡಿತು, ಮೂರು ಗಂಟೆ, ನಾಗ ಸ್ಟಾರ್ಟರಿನ ಕಡೆ ಹೋದ, ಕೈ ಇಟ್ಟ, ಎರಡನೇ ಕಂಪ್ರೆಸರಿಗೆ ಈ ವಾಲ್ವು ಬೇಡ, ಅದನ್ನು ಓಡಿಸಬಹುದು, ನಾನು ತಲೆ ಆಡಿಸಿದರೆ ಸಾಕು, ನೆಲ ನಡುಗುತ್ತದೆ, ಎಲ್ಲರೂ ಕೈಸನ್ನೆಗೆ ಇಳಿಯುತ್ತಾರೆ, ರತ್ನಾಕರ ಇದನ್ನೂ ಊರಿಗೆಲ್ಲ ಹೇಳುತ್ತಾನೆ, ಮುಂದಿನ ಸಲ ಸುಯ್ ಅಂದಾಗ ನಾಗ ಮತ್ತೆ ನನ್ನ ಮುಖ ನೋಡಿ ಸುಮ್ಮನಾಗುತ್ತಾನೆ, ನಾಗನಿಗೆ ಎರಡೂ ಕಣ್ಣಿದೆ — ಶುರು ಮಾಡ್ಬ್ಯಾಡ ನಾಗ. ನಂಗ್ ಆ ಸದ್ದ್ ಕೇಂತಿಲ್ಲೆ. ಎರ್ಡ್ ವರ್ಷ ಆಯ್ತ್ ಕೇಂತಿಲ್ಲೆ, ನಾನ್ ಯಾರಿಗೂ ಹೇಳ್ಲಿಲ್ಲೆ. ನನ್ನ ದನಿಗೆ ಹಸಿರು ಕಡ್ಡಿ ಎದ್ದಿತು, ನಿಂತಿತು, ಬಿತ್ತು. ನಾಗನ ಮುಖ ನೋಡಲಾಗುವುದಿಲ್ಲ, ಕಡ್ಡಿ ನೋಡುತ್ತೇನೆ, ಅವನು ಏನಾದರೂ ಅಂದರೆ ಅದು ಏಳಬೇಕು, ಬೈದರೂ ಏಳಬೇಕು, ನೋಡುತ್ತೇನೆ, ಮಲಗಿದೆ, ಇನ್ನೂ ಮಲಗಿದೆ, ಹಸಿರು ಕಡ್ಡಿ —