ಸಾದಾ ‘ಆ’

ನನ್ನ ದನಿ ಕೆಡಿಸಿದ್ದು ನನ್ನ ಅಳಿಯನೇ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಬೇಕೆಂದೇ ಕೆಡಿಸಿದರೋ, ಕೈತಪ್ಪಿ ಕೆಟ್ಟಿತೋ ಎಂಬುದಷ್ಟೇ ಪ್ರಶ್ನೆ. ನನ್ನ ಮನಸ್ಸು ಮೊದಲನೆಯದರ ಕಡೆಗೇ ವಾಲುತ್ತಿತ್ತು.

ಅಳಿಯ ಹಲ್ಲಿನ ಡಾಕ್ಟರು. ಮಗಳು ಅವರನ್ನು ಮದುವೆಯಾಗುತ್ತೇನೆ ಎಂದಾಗ, “ಕಂಡವರ ಬಾಯಿಗೆ ಕೈ ಹಾಕಿ ಬದುಕೋನೇ ಬೇಕಿತ್ತಾ ನಿಂಗೆ?” ಎಂದಿದ್ದೆ. ಹೊರಗೆ ಚಪ್ಪಲಿ ಬಿಡುತ್ತಿದ್ದ ಅವರಿಗೆ ಅದು ಕೇಳಿಸಿತು. ಅವರು ನಕ್ಕರು. ಅಳುವ ಗಂಡಸನ್ನೂ ನಗುವ ಹೆಂಗಸನ್ನೂ ನಂಬಬಾರದು ಎನ್ನುತ್ತಾರೆ. ಬೈಸಿಕೊಂಡೂ ನಗುವ ಅಳಿಯನ ವಿಷಯದಲ್ಲಿ ಏನು ಮಾಡಬೇಕೆಂದು ಗಾದೆ ಕಟ್ಟಿದವರು ಹೇಳಿ ಹೋಗಿಲ್ಲ.

ನನ್ನ ಮೇಲಿನ ಸಾಲಿನ ಹಲ್ಲುಗಳೆಲ್ಲ ಉದುರಿದಾಗ ಕಟ್ಟುಹಲ್ಲಿನ ಸೆಟ್ ಮಾಡಿಕೊಡುತ್ತೇನೆಂದು ಅವರೇ ಮುಂದೆ ಬಂದರು. ಕುರ್ಚಿಯಲ್ಲಿ ಒರಗಿಸಿ, ಬಾಯೊಳಗೆ ಗುರುತು ಹಾಕುವ ಪೆನ್ಸಿಲ್ ಹಿಡಿದು, “ಅತ್ತೆ, ‘ಆ’ ಅನ್ನಿ” ಎಂದರು. ಹಾಡು ಕಲಿಸುವ ಟೀಚರಿಗೆ ‘ಆ’ ಅನ್ನಿ ಎನ್ನುವುದೆಂದರೆ! ನಾನು ಕೋಣೆ ತುಂಬುವ ಹಾಗೆ ಅಂದೆ. ಹೊರಗೆ ಸರದಿ ಕಾಯುತ್ತಿದ್ದವರು ಕೆನ್ನೆ ಹಿಡಿದುಕೊಂಡೇ ಬಾಗಿಲಲ್ಲಿ ಇಣುಕಿದರು. ಅಳಿಯ ಗುರುತು ಹಾಕಿಕೊಂಡರು.

ಸೆಟ್ ಬಂತು. ಕನ್ನಡಿಯಲ್ಲಿ ನೋಡಿಕೊಂಡರೆ ನನಗೇ ನಾಚಿಕೆಯಾಗುವಷ್ಟು ಚೆನ್ನಾಗಿತ್ತು. ಮರುದಿನ ಪಾಠಕ್ಕೆ ಕೂತು ಬಾಯಿ ತೆರೆದೆ. ದನಿ ಹೊರಟಿತು, ಎಲ್ಲಿಗೂ ತಲುಪಲಿಲ್ಲ.

ಗಂಟಲಿನಿಂದ ಹುಟ್ಟುವುದು ಬರೀ ಒಂದು ಕಂಪನ. ಅದು ಅಂಗುಳಕ್ಕೆ ತಾಗಿ, ಬಾಯಿಯ ಗುಹೆಯಲ್ಲಿ ಸುತ್ತಿ, ಅಲ್ಲಿ ಅನುರಣಿಸಿದ ಮೇಲೇ ಹಾಡಾಗುವುದು. ಮೇಲಿನ ಸ್ವರಕ್ಕೆ ಹೋದಾಗ ನನ್ನ ಅಂಗುಳದ ಹಿಂಭಾಗ ಎದ್ದು ನಿಂತು, ಎರಡು ಕಣ್ಣುಗಳ ನಡುವೆ ಗುಂಯ್ ಎನ್ನುತ್ತಿತ್ತು. ಈಗ ಅಲ್ಲಿ ಏನೋ ತಡೆ. ಅರ್ಧ ದನಿ ಮೂಗಿಗೆ ಸೋರಿ, ನೆಗಡಿಯಾದವರ ಹಾಡಿನ ಹಾಗೆ ಕೇಳುತ್ತಿತ್ತು. ಸೆಟ್ ತೆಗೆದು ಹಾಡಿದರೆ ಗುಂಯ್ ವಾಪಸು ಬರುತ್ತಿತ್ತು, ಆದರೆ ‘ತ’, ‘ದ’, ‘ಸ’ ಎಲ್ಲ ಕಲಸಿ ಗಂಜಿಯಾಗುತ್ತಿದ್ದವು.

ಜೀವಮಾನವಿಡೀ ಬೇರೆಯವರ ಮಕ್ಕಳ ದನಿ ತಿದ್ದಿದವಳನ್ನು ರೇಡಿಯೋದವರು ಮೊದಲ ಸಲ ಹಾಡಲು ಕರೆದಿದ್ದರು. ಮುಂದಿನ ವಾರವೇ ರೆಕಾರ್ಡಿಂಗ್. ಈ ಸಲ ಆಗದಿದ್ದರೆ ಇನ್ನೊಮ್ಮೆ ಕರೆಯುವ ವಯಸ್ಸು ನನ್ನದಲ್ಲ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಮಾತನ್ನು ನನ್ನನ್ನು ನೋಡಿಯೇ ಕಟ್ಟಿರಬೇಕು.

ಅಳಿಯ ದಿನಾ ಫೋನ್ ಮಾಡಿ, “ಅತ್ತೆ, ಸೆಟ್ ಹೇಗಿದೆ? ಏನೂ ತೊಂದರೆ ಇಲ್ವಲ್ಲ?” ಎಂದು ಕೇಳುತ್ತಿದ್ದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ನಾನು ಕಳ್ಳ ಅನ್ನುವ ಮೊದಲೇ ಹೆಗಲು ಮುಟ್ಟಿಕೊಳ್ಳುತ್ತಿದ್ದರು. ಮಗಳ ಮುಂದೆ ಹಾಡಿ ತೋರಿಸಿದೆ. “ಮುಂಚಿನ ಹಾಗೇ ಇದೆಯಲ್ಲಮ್ಮ” ಎಂದಳು, ಮಡಚುತ್ತಿದ್ದ ಬಟ್ಟೆಯಿಂದ ತಲೆ ಎತ್ತದೆ. ಗಂಡ ಹೆಂಡತಿ ಮಾತಾಡಿಕೊಂಡಿದ್ದಾರೆ ಎಂದುಕೊಂಡೆ.

ಯಾರಿಗೂ ಹೇಳದೆ ಊರಿನ ಇನ್ನೊಂದು ತುದಿಯ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಸೆಟ್ ಅನ್ನು ತಿರುಗಿಸಿ ತಿರುಗಿಸಿ ನೋಡಿ, “ಕೆಲಸ ತುಂಬಾ ಚೆನ್ನಾಗಿದೆ. ಹಿಂದಿನ ಅಂಚು ಮಾತ್ರ ಸ್ವಲ್ಪ ಉದ್ದ. ಅಂಗುಳ ಏಳೋದಕ್ಕೆ ಬಿಡ್ತಿಲ್ಲ” ಎಂದರು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಖುಷಿಯಾಯಿತು. ಕಳ್ಳ ಸಿಕ್ಕಿಬಿದ್ದಿದ್ದ.

ಅಲ್ಲಿಂದ ನೆಟ್ಟಗೆ ಅಳಿಯನ ಕ್ಲಿನಿಕ್ಕಿಗೆ ಹೋಗಿ, ಸೆಟ್ ತೆಗೆದು ಅವರ ಮುಂದಿನ ಟ್ರೇಯಲ್ಲಿ ಕುಕ್ಕಿದೆ. ಅಲ್ಲೇ ಕೆಲಸಕ್ಕೆ ನಿಲ್ಲುವ ಮಗಳು ಓಡಿ ಬಂದಳು.

“ಅಂಚು ಉದ್ದ ಬಿಟ್ಟಿದ್ದು ಯಾಕೆ, ಹೇಳಿ” ಎಂದೆ. ಹಲ್ಲಿಲ್ಲದ ಬಾಯಲ್ಲಿ ಜಗಳ ಕೂಡ ನೆಟ್ಟಗೆ ಬರುವುದಿಲ್ಲ.

ಅಳಿಯ ನನ್ನನ್ನು ಕೂರಿಸಿ, ಬಾಯೊಳಗೆ ಪುಟ್ಟ ಕನ್ನಡಿ ಹಾಕಿ ಅಂಗುಳ ನೋಡಿದರು. ಅವರ ಮುಖ ಬಾಡಿತು.

“ತಪ್ಪಾಗಿದೆ ಅತ್ತೆ. ಅಂಗುಳ ಮುಂದೆ ಗಟ್ಟಿ, ಹಿಂದೆ ಮೆತ್ತಗೆ. ‘ಆ’ ಅಂದಾಗ ಮೆತ್ತಗಿರೋದು ಅಲುಗುತ್ತೆ. ಅದು ಎಲ್ಲಿ ಅಲುಗೋಕೆ ಶುರುವಾಗುತ್ತೋ ಅಲ್ಲಿಗೆ ಗೆರೆ ಹಾಕಿ ಸೆಟ್ ನಿಲ್ಲಿಸ್ತೀವಿ. ನಾನು ಬರೀ ‘ಆ’ ಕೇಳಿದ್ದೆ. ನೀವು ಹಾಡೇ ಹಾಡಿಬಿಟ್ರಿ. ಅಂಗುಳ ಪೂರ್ತಿ ಮೇಲೆ ಹೋಯ್ತು, ನಾನು ಹಾಕಿದ ಗೆರೆ ತಪ್ಪಿ ಹಿಂದಕ್ಕೆ ಬಿತ್ತು.”

ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. “ಹಾಗಾದ್ರೆ ತಪ್ಪು ನಂದಾ? ಉದ್ದ ಇರೋದನ್ನ ಉಜ್ಜಿಬಿಡಿ, ಮುಗೀತು.”

“ಅಂದಾಜಿನ ಮೇಲೆ ಉಜ್ಜಿದ್ರೆ ಗಾಳಿ ನುಗ್ಗಿ ಸೆಟ್ ಸಡಿಲ ಆಗುತ್ತೆ. ಹಾಡೋವಾಗ ಮೈಕ್ ಮುಂದೆ ಕಳಚಿ ಬೀಳುತ್ತೆ. ಗೆರೆ ಸಿಗಲೇಬೇಕು. ಒಂದು ಸಾದಾ ‘ಆ’ ಅನ್ನಿ ಸಾಕು.”

ಅಂದೆ.

“ಹಾಡಬೇಡಿ ಅತ್ತೆ.”

“ಹಾಡ್ತಿಲ್ಲಪ್ಪ!”

ಮತ್ತೆ ಅಂದೆ. ಅದೂ ಶ್ರುತಿಗೆ ಹೋಗಿ ಕೂತಿತು. ಸಣ್ಣಗೆ ಅಂದೆ, ಒರಟಾಗಿ ಅಂದೆ, ಮೂಗು ಮುಚ್ಚಿಕೊಂಡು ಅಂದೆ. ಎಲ್ಲದರಲ್ಲೂ ಅಂಗುಳ ತಾನಾಗಿ ಗುಮ್ಮಟದ ಹಾಗೆ ಏಳುತ್ತಿತ್ತು. ನಲವತ್ತು ವರ್ಷದಿಂದ ಹಾಡಿಗೆಂದೇ ತೆರೆದ ಬಾಯಿಗೆ ಬೇರೆ ಯಾವ ‘ಆ’ಯೂ ಗೊತ್ತಿರಲಿಲ್ಲ. ಅಳಿಯನ ಮೇಲಿನ ಅನುಮಾನ ಎಲ್ಲಿ ಹೋಯಿತೋ, ಅದರ ಜಾಗದಲ್ಲಿ ಹೆದರಿಕೆ ಬಂದು ಕೂತಿತು. ಎಲ್ಲರಿಗೂ ಬರುವ ಒಂದು ಸದ್ದು ನನಗೆ ಬಾರದೆ ನನ್ನ ಹಾಡು ನಿಂತು ಹೋಗಲಿತ್ತು. ನನ್ನ ಕಣ್ಣಲ್ಲಿ ನೀರು ತುಂಬಿತು.

ಟಾರ್ಚ್ ಹಿಡಿದು ನಿಂತಿದ್ದ ಮಗಳು ಆಗ ಹೇಳಿದಳು:

“ಅಮ್ಮ, ನಿನ್ನ ಹಾಡು ನಂಗೆ ಯಾವತ್ತೂ ಇಷ್ಟ ಆಗಿಲ್ಲ.”

“ಆ?”

ಪೆನ್ಸಿಲ್ ಅಂಗುಳಕ್ಕೆ ತಾಗಿತು. “ಸಿಕ್ತು! ಅಲುಗಬೇಡಿ, ಗೆರೆ ಸಿಕ್ತು!” ಎಂದು ಅಳಿಯ ಕೂಗಿದರು. ಮಗಳು ಟಾರ್ಚ್ ಆರಿಸಿ ನಕ್ಕಳು. “ಸುಮ್ನೆ ಅಂದೆ ಅಮ್ಮ. ಇಲ್ದಿದ್ರೆ ನಿನ್ನ ಬಾಯಿಂದ ಅದು ಬರ್ತಿತ್ತಾ?” ಅಳಿಯ ಅವಳ ಜಾಣತನವನ್ನು ಹೊಗಳಿದ್ದೇ ಹೊಗಳಿದ್ದು. ನಾನೂ ಬೊಚ್ಚುಬಾಯಲ್ಲಿ ನಕ್ಕೆ.

ತಿದ್ದಿದ ಸೆಟ್ ಹಾಕಿಕೊಂಡು ರೇಡಿಯೋದಲ್ಲಿ ಹಾಡಿದೆ. ಮೇಲಿನ ಸ್ವರಕ್ಕೆ ಹೋದಾಗ ಗುಂಯ್ ಬಂತು, ಮೊದಲಿಗಿಂತ ತುಂಬಿ ಬಂತು. ರೆಕಾರ್ಡಿಂಗ್ ಮಾಡುವವರು ಇನ್ನೊಂದು ಹಾಡು ಕೇಳಿ ಹಾಡಿಸಿಕೊಂಡರು. ಗಾಜಿನಾಚೆ ಅಳಿಯ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಪಾಪದ ಮನುಷ್ಯ, ಅವರನ್ನು ಎಷ್ಟು ಬೈದುಕೊಂಡಿದ್ದೆ. ಮಗಳೂ ತಟ್ಟುತ್ತಿದ್ದಳು. ನಾನು ಅವಳ ಕೈಗಳನ್ನು ನೋಡಲಿಲ್ಲ, ಮುಖವನ್ನು ನೋಡಿದೆ.

ಮನೆಗೆ ಬರುವ ದಾರಿಯಲ್ಲಿ ಅವಳನ್ನು ಕೇಳಿದೆ. “ಆವತ್ತು ಹೇಳಿದ್ಯಲ್ಲ, ಅದು ಸುಮ್ನೆ ತಾನೇ?”

“ಅಯ್ಯೋ ಅಮ್ಮ, ಇನ್ನೂ ಅದನ್ನೇ ಹಿಡ್ಕೊಂಡಿದ್ದೀಯಾ? ಸುಮ್ನೆ ಅಂದಿದ್ದು” ಎಂದಳು.

ದನಿಗಳನ್ನು ಕೇಳಿ ತಿದ್ದುವುದೇ ನನ್ನ ಕೆಲಸ. ಆ ದಿನದ ಮಾತು ಅವಳ ಎದೆಯಿಂದ ಹೊರಟು ಬಾಯಿ ತುಂಬಿ ಬಂದಿತ್ತು. ಈ ‘ಸುಮ್ನೆ’ ಬಂದದ್ದು ಬರೀ ಗಂಟಲಿನಿಂದ. ನಾನು ಅವಳನ್ನು ಮತ್ತೆ ಕೇಳಲಿಲ್ಲ.