ಒಂದೇ ಫೋನಿನ ಓದುಗರು

"ಕಳ್ಳ ಚುಕ್ಕಿ ಹಾಕಿಸಿಕೊಂಡು ಮೇಲೆ ಬಂದವರು ನೀವು. ನಾಚಿಕೆ ಅಂತ ಎಂತದಾದರೂ ಉಂಟಾ ನಿಮಗೆ?"

ಮಧ್ವೇಶರು ಕೇಳಿದ್ದು ತುಂಬಿದ ಸಭೆಯಲ್ಲಿ. ನೌಪಾಡಾದಲ್ಲಿ ಅವರದೇ ಹೋಟೆಲು, ಮಹಡಿಯ ಮೇಲೆ ಅವರದೇ ಎ.ಸಿ. ಹಾಲ್. ಅಲ್ಲಿ 'ಕಥಾಂಗಳ' ಆ್ಯಪಿನ ಬರಹಗಾರರ ಭಾನುವಾರದ ಕೂಟ. ದುಡ್ಡು ಕಟ್ಟಿ ಓದುವ ಆ್ಯಪು ಅದು. ಓದಿದ ಸದಸ್ಯರು ಚುಕ್ಕಿ ಕೊಡುತ್ತಾರೆ, ಚುಕ್ಕಿ ಸೇರಿ ವಿಶ್ವಾಸದ ಪಾಯಿಂಟ್ ಆಗುತ್ತದೆ, ಪಾಯಿಂಟ್ ಇದ್ದವರಿಗೆ ಮಾತ್ರ ಸಂಭಾವನೆ. ಯಾರು ವಿಶ್ವಾಸಕ್ಕೆ ಯೋಗ್ಯರು, ಯಾರು ಅಲ್ಲ ಎಂದು ತೀರ್ಮಾನಿಸುವ ಹಿರಿಯ ಸದಸ್ಯರೇ ಈ ಮಧ್ವೇಶರು. ಈಗ ಎದುರು ನಿಂತ ಲೋಲಾಕ್ಷಿಯ ಪಾಯಿಂಟನ್ನು ಸೊನ್ನೆಗಿಳಿಸಿದವರೂ ಅವರೇ.

ಕುಳಿತುಕೊಳ್ಳಿ ಎಂದು ಯಾರೂ ಹೇಳಿರಲಿಲ್ಲ. ಲೋಲಾಕ್ಷಿ ಬಲಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡು ನಿಂತೇ ಇದ್ದಳು. ರಬಾಳೆಯ ಪ್ಲಾಸ್ಟಿಕ್ ಕಾರ್ಖಾನೆಯ ಯಂತ್ರ ಆ ಕೈಯ ಬೆರಳು ತಿಂದಿತ್ತು, ಮಾಲೀಕ ಅವಳನ್ನೇ ಗೇಟಿನಾಚೆ ದಬ್ಬಿದ್ದ. ಆಮೇಲೆ ಎಲ್ಲಿ ಹೋದರೂ ಕೈ ನೋಡಿ ಕೆಲಸವಿಲ್ಲ ಅನ್ನುವವರೇ. ಕಳವಾ ಎಂಬಲ್ಲಿ ಚಾಳಿನ ಬಾಡಿಗೆ ಖೋಲಿಯಲ್ಲಿ ಕೂತು ಫೋನಿಗೆ ಬಾಯಲ್ಲಿ ಹೇಳಿ ಹೇಳಿ ಕಥೆ ಬರೆಯುವುದೊಂದೇ ಅವಳಿಗೆ ಉಳಿದ ದುಡಿಮೆ. ಇದೂ ಹೋದರೆ ಖೋಲಿ ಹೋಯಿತು, ಮಗಳು ತನ್ವಿಯ ಕಾಲೇಜೂ ಹೋಯಿತು.

"ಐದು ಖಾತೆ, ಐದೂ ಒಂದೇ ಫೋನಿಂದ! ಭೀಮಮ್ಮ ಅಂತೆ! ಸುಳ್ಳು ಹೆಸರಾದರೂ ಚಂದದ್ದು ಇಡಬಾರದಿತ್ತಾ ಮಾರ್ರೆ?"

ಕೂಟ ಗೊಳ್ಳೆಂದು ನಕ್ಕಿತು.

"ಸುಳ್ಳಲ್ಲ ಸಾರ್. ನಮ್ಮ ಚಾಳಿನವರು. ಅವರ ಹತ್ರ ಅಂಥ ಫೋನ್ ಇಲ್ಲ. ನಾನು ಓದಿ ಹೇಳ್ತೇನೆ, ಅವರು ಕೇಳಿ ಚುಕ್ಕಿ ಒತ್ತುದು."

ಅದು ನಿಜ. ಸಂಜೆ ನಲ್ಲಿಯ ಮುಂದೆ ಕೊಡ ಸಾಲಿಟ್ಟು ಹೆಂಗಸರು ಕೂರುತ್ತಿದ್ದರು, ಲೋಲಾಕ್ಷಿ ಅಂದಿನ ಕಂತು ಓದುತ್ತಿದ್ದಳು. ಪುಕ್ಕಟೆ ಕೇಳಿ ಎಂದರೆ ಅವರು ಒಪ್ಪಲಿಲ್ಲ. ತಮ್ಮ ತಮ್ಮ ಹೆಸರಿನಲ್ಲಿ ಸದಸ್ಯತ್ವದ ದುಡ್ಡು ಕಟ್ಟಿ, ಒದ್ದೆ ಹೆಬ್ಬೆರಳನ್ನು ಸೀರೆಗೆ ಒರೆಸಿ, ಸರದಿಯ ಮೇಲೆ ಅವಳ ಫೋನಿನಲ್ಲೇ ಚುಕ್ಕಿ ಒತ್ತಿದರು. ಅದೇ ತಪ್ಪಾಯಿತು. ಭೀಮಮ್ಮನಂತೂ ಎಷ್ಟೋ ಸಲ ಒಂದೇ ಚುಕ್ಕಿ ಒತ್ತಿ, "ಇವತ್ತಿಂದು ಸಪ್ಪಗೈತಿ ಬಿಡವ್ವ" ಎಂದು ಬೈದದ್ದೂ ಉಂಟು.

ಆದರೆ ಆ ಭೀಮಮ್ಮ ಪಾತ್ರೆ ತೊಳೆಯುವುದು ಇದೇ ಹೋಟೆಲಿನ ಹಿಂಬದಿಯಲ್ಲಿ. ಬೆಳಿಗ್ಗೆಯೇ ಕೈ ಹಿಡಿದು ಬೇಡಿಕೊಂಡಿದ್ದಳು: "ನನ್ನ ಮ್ಯಾಲ ಸಭಾಕ್ಕ ಕರೀಬ್ಯಾಡವ್ವ, ಇದ್ದ ಕೆಲಸ ಹೋದೀತು." ಹಾಗಾಗಿ ಅವಳು ಕೆಳಗೇ ಇದ್ದಾಳೆ ಎಂದು ಲೋಲಾಕ್ಷಿ ತೋರಿಸುವಂತಿರಲಿಲ್ಲ.

"ನಿಮ್ಮ ಫೋನಿಗೆ ಒಂದು ಬರಹ ಕಳಿಸಿದ್ದೇನೆ," ಎಂದರು ಮಧ್ವೇಶರು. "ಅದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿ. ಪಾಯಿಂಟ್ ವಾಪಸು ಬರ್ತದೆ."

ಲೋಲಾಕ್ಷಿ ಓದಿದಳು. 'ಭೀಮಮ್ಮ ಮೊದಲಾದ ಐವರು ಎಲ್ಲಿಯೂ ಇಲ್ಲ. ಅವರು ನಾನೇ ಹುಟ್ಟಿಸಿದ ಸುಳ್ಳು ಜನ. ಸದಸ್ಯರ ವಿಶ್ವಾಸಕ್ಕೆ ದ್ರೋಹ ಬಗೆದ ನನ್ನನ್ನು ಕ್ಷಮಿಸಿ.'

ಒಂದು ಸಲ ಒತ್ತಿದರೆ ಮುಗಿಯಿತು, ಯಾರು ಸಾಯುತ್ತಾರೆ ಅದರಿಂದ? ಎಡಗೈ ಹೆಬ್ಬೆರಳು ಫೋನಿನ ಮೇಲೆ ಬಂತು.

"ಬೇಗ ಒತ್ತಿ. ಏ ಮಾವಶಿ, ಗ್ಲಾಸ್ ಎತ್ತು." ಮಧ್ವೇಶರು ಕೆಲಸದವಳನ್ನು ಕರೆದರು.

ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದವಳು ಭೀಮಮ್ಮ. ಎಷ್ಟು ಹೊತ್ತಿನಿಂದ ಕೇಳುತ್ತಿದ್ದಳೋ, ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಧಣ್ಯಾರ, ನಾನ ಭೀಮಮ್ಮ ಅದೀನ್ರಿ."

ಮಧ್ವೇಶರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ವರ್ಷಗಟ್ಟಲೆ ಎಂಜಲು ತೊಳೆದವಳ ಹೆಸರು ಅವರಿಗೆ ಗೊತ್ತಾದದ್ದು ಈಗ. ತಿಂಡಿಗಳ ಕಾರ್ಡನ್ನು ಅವಳ ಮುಖಕ್ಕೆ ಹಿಡಿದರು.

"ಓ, ಓದುಗರು! ಇದನ್ನು ಸ್ವಲ್ಪ ಓದಿ ಹೇಳು ನೋಡುವಾ."

"ಓದಾಕ ಬರಂಗಿಲ್ರಿ. ಕೇಳಾಕ ಬರ್ತೈತಿ."

"ಕೇಳುವವರಿಗೆಲ್ಲ ಇಲ್ಲಿ ಜಾಗ ಇಲ್ಲ. ಕೆಳಗೆ ನಡಿ. ಕೆಲಸ ಬೇಕಾದರೆ ಬಾಯಿ ಮುಚ್ಚಿಕೊಂಡು ನಡಿ."

ಭೀಮಮ್ಮನ ಮುಖ ಕಪ್ಪಿಟ್ಟಿತು. ಲೋಲಾಕ್ಷಿಯ ಹತ್ತಿರ ಬಂದು ಮೆಲ್ಲಗೆ ಅಂದಳು: "ಒತ್ತಿ ಬಿಡವ್ವ. ನಾ ಇಲ್ಲಂತ ಹಾಕು. ನಿನ್ನ ಮಗಳ ಕಾಲೇಜ ನಡೀಲಿ."

ಅಷ್ಟು ಹೊತ್ತು ತಡೆದಿದ್ದ ಅಳು ಲೋಲಾಕ್ಷಿಗೆ ಆಗ ಬಂತು. ಮಧ್ವೇಶರು ಕಳಿಸಿದ್ದನ್ನು ಅಳಿಸಿ ಹಾಕಿದಳು. ಫೋನನ್ನು ಬಾಯಿಗೆ ಹಿಡಿದು, ಖೋಲಿಯಲ್ಲಿ ಕಥೆ ಹೇಳುವ ದನಿಯಲ್ಲೇ ಹೇಳಿದಳು:

"ಭೀಮಮ್ಮ ಇದ್ದಾಳೆ. ನೌಪಾಡಾದಲ್ಲಿ ಮಧ್ವೇಶರ ಹೋಟೆಲಿನ ಹಿಂದೆ ಪಾತ್ರೆ ತೊಳೆಯುತ್ತಾಳೆ. ನೀವು ಈಗ ಕುಡಿದಿಟ್ಟ ಗ್ಲಾಸು ಅವಳೇ ಎತ್ತಬೇಕು. ಅವಳು ಇಲ್ಲ ಎಂದು ಬರೆಯಲು ನನಗೆ ಹೇಳಿದರು. ನಾನು ಬರೆಯುವುದಿಲ್ಲ."

ಒತ್ತಿದಳು. ಸುತ್ತಲಿನ ಫೋನುಗಳೆಲ್ಲ ಒಟ್ಟಿಗೆ ಕಿಣಿಗುಟ್ಟಿದವು. ಲೋಲಾಕ್ಷಿ ಭೀಮಮ್ಮನ ಖಾತೆ ತೆರೆದು ಫೋನನ್ನು ಅವಳ ಕೈಗಿಟ್ಟಳು. ಭೀಮಮ್ಮ ಹೆಬ್ಬೆರಳನ್ನು ಸೀರೆಗೆ ಚೆನ್ನಾಗಿ ಒರೆಸಿಕೊಂಡು, ಎಲ್ಲರೂ ನೋಡುತ್ತಿರುವಂತೆಯೇ ಇದ್ದಷ್ಟೂ ಚುಕ್ಕಿ ಒತ್ತಿದಳು.

"ಖಾತೆ ಬಂದ್ ಮಾಡಿಸ್ತೇನೆ, ಇಬ್ಬರದ್ದೂ!" ಮಧ್ವೇಶರು ಆಗಲೇ ತಮ್ಮ ಫೋನು ತಿಕ್ಕುತ್ತಿದ್ದರು. "ನೀನು ನಾಳೆಯಿಂದ ಈ ಕಡೆ ತಲೆ ಹಾಕಬೇಡ!"

"ನಾಳೆ ಯಾಕಲೇ ಭಾಡ್ಯಾ, ಈಗ ಹೊಂಟೆ. ತಳ ಹತ್ತಿದ ಪಾತೇಲಿ ನೆನಿಯಾಕ ಇಟ್ಟೀನಿ, ಹೋಗಿ ತಿಕ್ಕು."

ಕಳವಾ ಸೇತುವೆ ಹತ್ತುವಾಗ ಇಬ್ಬರ ಖಾತೆಯೂ ಶಾಶ್ವತವಾಗಿ ಮುಚ್ಚಿದೆ ಎಂದು ಸಂದೇಶ ಬಂತು. ಬರೆದ ಅಷ್ಟೂ ಕಂತುಗಳು ಅದರೊಳಗೇ ಇದ್ದವು. ಇನ್ನು ಮನೆಗೆ ಹೋಗಿ ತನ್ವಿಗೆ ಏನು ಹೇಳುವುದೆಂದು ತಿಳಿಯದೆ ಲೋಲಾಕ್ಷಿ ಸೇತುವೆಯ ಕಟ್ಟೆ ಹಿಡಿದು ನಿಂತುಬಿಟ್ಟಳು.

ಭೀಮಮ್ಮನೂ ನಿಂತಳು. ಆಮೇಲೆ ಕೇಳಿದಳು:

"ನಿನ್ನಿ ಕಂತಿನ್ಯಾಗ ಆಕಿನ್ನ ಕಾರ್ಖಾನಿ ಒಳಗ ಕೂಡಿ ಕೀಲಿ ಹಾಕಿದ್ರಲ್ಲ. ಹೆಂಗ ಹೊರಗ ಬರ್ತಾಳ?"

"ಗೊತ್ತಿಲ್ಲ ಭೀಮಕ್ಕ. ದೇವರಾಣೆ ನಂಗೂ ಗೊತ್ತಿಲ್ಲ."

ಭೀಮಮ್ಮ ಕಟ್ಟೆಗೆ ಒರಗಿದಳು. ಮುಂದಿನದನ್ನು ಕೇಳದೆ ಅವಳು ಅಲ್ಲಿಂದ ಕದಲುವಂತಿರಲಿಲ್ಲ.